ಮಾಟದ ಮಾತಿನ ಹಿಂದೆ ಸಾಲದ ಲೆಕ್ಕ

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಅಡ್ಡಲಾಗಿ ನಿಂತಿರುವ ಜಲಾಶಯಕ್ಕೆ ಒಂದು ವೈಶಿಷ್ಟ್ಯವಿದೆ. ನೀರು ಗರಿಷ್ಠ ಮಟ್ಟ ಮುಟ್ಟಿದಾಗ ಗೇಟು ಎತ್ತಲು ಯಾರೂ ಬರಬೇಕಿಲ್ಲ. ಮೈಸೂರು ಅರಸರ ಕಾಲದಲ್ಲಿ ಅಳವಡಿಸಿದ ಸೈಫನ್ ವ್ಯವಸ್ಥೆಯು ಹೆಚ್ಚುವರಿ ನೀರನ್ನು ತಾನಾಗಿಯೇ ಹೊರಗೆ ಚೆಲ್ಲುತ್ತದೆ, ಮಟ್ಟ ಇಳಿದೊಡನೆ ತಾನಾಗಿಯೇ ನಿಲ್ಲುತ್ತದೆ. ಬಾಗಿದ ಕೊಳವೆಯೊಳಗಿನ ಗಾಳಿಯನ್ನು ಏರಿದ ನೀರು ಹೊರದೂಡುತ್ತದೆ. ಬಳಿಕ ಹೊರಗಿನ ವಾಯುವಿನ ಒತ್ತಡವೇ ನೀರನ್ನು ತಳ್ಳತೊಡಗುತ್ತದೆ. ಮಟ್ಟ ತಗ್ಗಿ ಕೊಳವೆಯ ಬಾಯಿಗೆ ಮತ್ತೆ ಗಾಳಿ ಹೊಕ್ಕರೆ ಹರಿವು ಕಡಿದುಹೋಗುತ್ತದೆ. ಕಣ್ಣಿಗೆ ಕಾರಣ ಕಾಣದು, ಆದರೆ ಕಾರಣವಿದೆ.

ಇದೇ ಸೀಮೆಯ ಹಳ್ಳಿಗಳಲ್ಲಿ ಹಾಲು ಕೊಡುತ್ತಿದ್ದ ಎಮ್ಮೆ ಹಠಾತ್ತನೆ ಬತ್ತಿದರೆ, ಎಳೆಗೂಸು ರಾತ್ರಿಯಿಡೀ ಅತ್ತರೆ, ಚೆನ್ನಾಗಿದ್ದ ಗಂಡಾಳು ದಿನದಿಂದ ದಿನಕ್ಕೆ ಸೊರಗಿದರೆ ಅದಕ್ಕೂ ಕಾಣದ ಕಾರಣವೊಂದನ್ನು ಹುಡುಕುವ ರೂಢಿ ಬಹಳ ಹಳೆಯದು. ಕಣ್ಣು ತಗುಲಿದೆ, ಗಾಳಿ ಸೋಕಿದೆ, ಯಾರೋ ಮಾಟ ಮಾಡಿಸಿದ್ದಾರೆ, ಯಾರದೋ ಮನೆಯಲ್ಲಿ ಮದ್ದು ಹಾಕಿದ್ದಾರೆ ಎಂಬ ಮಾತುಗಳು ಹಳೇ ಮೈಸೂರಿನ ಯಾವ ಊರಿಗೂ ಹೊಸವಲ್ಲ. ಹೊರದೇಶಗಳಿಂದ ಇಲ್ಲಿಗೆ ಬಂದ ಅಧ್ಯಾಪಕರು, ಪಾದ್ರಿಗಳು, ವಿದ್ವಾಂಸರು ಈ ಮಾತುಗಳನ್ನು ಕೇಳಿ ತಮ್ಮ ತಮ್ಮ ಕಾಲಕ್ಕೆ ತಕ್ಕಂತೆ ಅರ್ಥ ಮಾಡಿಕೊಂಡಿದ್ದಾರೆ. ಹೆಚ್ಚಿನವರು ಕಂಡದ್ದು ಮೌಢ್ಯವನ್ನು. ಒಬ್ಬಾಕೆ ಮಾತ್ರ ಅದರ ಹಿಂದೆ ಬಡ್ಡಿ ಸಾಲದ ಲೆಕ್ಕವನ್ನು ಕಂಡರು.

ಗುಬ್ಬಿಗೆ ಬಂದವರು

ಈ ಭಾಗಕ್ಕೆ ಬಂದ ಮೊದಲ ತಲೆಮಾರಿನ ಪರದೇಶಿ ಶಿಕ್ಷಕರು ವೆಸ್ಲಿಯನ್ ಮಿಷನ್ನಿನವರು. 1830ರ ದಶಕದ ಕೊನೆಯಲ್ಲಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆ ಮಾಡಿಕೊಂಡರು. 1839ರಲ್ಲಿ ಭಾರತಕ್ಕೆ ಬಂದ ಐರ್ಲೆಂಡಿನ ಯುವಕ ವಿಲಿಯಂ ಆರ್ಥರ್ ಅಲ್ಲಿಗೆ ಸೇರಿಕೊಂಡು, ಆರೋಗ್ಯ ಕೆಟ್ಟಿದ್ದರಿಂದ ಕೆಲವೇ ವರ್ಷಗಳಲ್ಲಿ ಸ್ವದೇಶಕ್ಕೆ ಮರಳಿದರು. ಮೈಸೂರು ಸೀಮೆಯ ಅನುಭವಗಳನ್ನು ಕುರಿತ ಅವರ ಪುಸ್ತಕ 1847ರಲ್ಲಿ ಪ್ರಕಟವಾಯಿತು. ಕನ್ನಡ ಕಲಿತು, ಶಾಲೆ ನಡೆಸಿ, ಸಂತೆ ಜಾತ್ರೆಗಳಲ್ಲಿ ನಿಂತು ವಾದ ಮಾಡುತ್ತಿದ್ದ ಈ ಜನರಿಗೆ ಗ್ರಾಮದೇವತೆ, ಮುನಿ, ಮಾರಿ, ಭೂತ ಎಲ್ಲವೂ ಒಂದೇ ಕತ್ತಲೆಯ ಬೇರೆ ಬೇರೆ ಹೆಸರುಗಳಾಗಿ ಕಂಡುವು. ಅದು ಆ ಕಾಲದ ದೃಷ್ಟಿಯೇ ಆಗಿತ್ತು. ದಕ್ಷಿಣ ಕನ್ನಡದ ಭೂತಾರಾಧನೆಯ ಬಗ್ಗೆ ಅಮೂಲ್ಯ ಸಾಮಗ್ರಿ ಕಲೆಹಾಕಿದ ಎ.ಸಿ. ಬರ್ನೆಲ್ ಅವರ ಬರಹವು 1890ರ ದಶಕದಲ್ಲಿ, ಅವರು ತೀರಿಕೊಂಡ ಬಳಿಕ, ಅಚ್ಚಾದಾಗ ಅದಕ್ಕಿದ್ದ ಶೀರ್ಷಿಕೆಯ ಅರ್ಥ 'ತುಳುವರ ಪಿಶಾಚಾರಾಧನೆ' ಎಂದು.

ಭಾಷೆಯೇ ಈ ಗೊಂದಲವನ್ನು ತಕ್ಕಮಟ್ಟಿಗೆ ಬಿಡಿಸಬಹುದಿತ್ತು. ಕನ್ನಡದ 'ದೆವ್ವ' ಎಂಬ ಮಾತು 'ದೇವ', 'ದೈವ'ಗಳ ಬಳಗಕ್ಕೇ ಸೇರಿದ್ದು. ಪೂಜೆ ಪಡೆಯುವ ಶಕ್ತಿಗೂ ಕಾಡುವ ಶಕ್ತಿಗೂ ನಡುವಿನ ಗೆರೆಯನ್ನು ಹಳ್ಳಿಯ ಮನಸ್ಸು ಅಷ್ಟು ಗಟ್ಟಿಯಾಗಿ ಎಳೆದಿರಲಿಲ್ಲ. ಆದರೆ ಬೇರೊಂದು ಗೆರೆಯನ್ನು ಬಹಳ ಸ್ಪಷ್ಟವಾಗಿ ಎಳೆದಿತ್ತು. ಮಾರಮ್ಮನೋ ಮುನಿಯಪ್ಪನೋ ಮೈಮೇಲೆ ಬರುವುದು ಒಂದು ಬಗೆ. ಅದಕ್ಕೆ ಹರಕೆ, ಪೂಜೆ, ಮಡಿಲಕ್ಕಿ. ಅಕಾಲದಲ್ಲಿ ಸತ್ತವರ ಗಾಳಿ ಸೋಕುವುದು ಇನ್ನೊಂದು ಬಗೆ. ಅದಕ್ಕೆ ಬೇವಿನ ಸೊಪ್ಪು, ತಾಯತ, ಮಂತ್ರವಾದಿ. ಮನುಷ್ಯರೇ ಮನುಷ್ಯರಿಗೆ ಮಾಡುವ ಕೇಡು ಮೂರನೆಯ ಬಗೆ. ಮೊದಲೆರಡರಲ್ಲಿ ಊರಿನವರಾರೂ ತಪ್ಪಿತಸ್ಥರಲ್ಲ. ಮೂರನೆಯದರಲ್ಲಿ ಒಬ್ಬ ತಪ್ಪಿತಸ್ಥ ಬೇಕು; ಬಹುಮಟ್ಟಿಗೆ ತಪ್ಪಿತಸ್ಥೆ ಬೇಕು. ಅಪಾಯವಿರುವುದೂ ಅಲ್ಲಿಯೇ.

ಪಾದ್ರಿಗಳನ್ನು ಈ ವಿಷಯದಲ್ಲಿ ಅತಿಯಾಗಿ ದೂರಬೇಕಾದ್ದೂ ಇಲ್ಲ. ಬ್ರಿಟನ್ನಿನಲ್ಲಿ ಮಾಟಗಾತಿಯರಿಗೆ ಮರಣದಂಡನೆ ವಿಧಿಸುವ ಕಾನೂನು ರದ್ದಾದದ್ದು 1736ರಲ್ಲಿ, ಅಂದರೆ ಆರ್ಥರ್ ಗುಬ್ಬಿಗೆ ಬರುವುದಕ್ಕೆ ಕೇವಲ ನೂರು ವರ್ಷಗಳ ಹಿಂದೆ. ಅದಕ್ಕೂ ಮೊದಲಿನ ಮೂರು ಶತಮಾನಗಳಲ್ಲಿ ಯೂರೋಪಿನಾದ್ಯಂತ ಮಾಟದ ಆರೋಪದ ಮೇಲೆ ಪ್ರಾಣ ತೆತ್ತವರ ಸಂಖ್ಯೆಯನ್ನು ಇತಿಹಾಸಕಾರರು ನಲವತ್ತು ಸಾವಿರದಿಂದ ಅರವತ್ತು ಸಾವಿರದವರೆಗೆ ಅಂದಾಜಿಸುತ್ತಾರೆ. ಅವರಲ್ಲಿ ಬಹುಪಾಲು ಹೆಂಗಸರು. ಮೈಸೂರು ಸೀಮೆಯ ಹಳ್ಳಿಗರು ಈ ಲೆಕ್ಕದ ಹತ್ತಿರಕ್ಕೂ ಬಂದವರಲ್ಲ.

ವಿಯೆನ್ನಾದಿಂದ ಮಂಡ್ಯಕ್ಕೆ

ಮಾರ್ಕೋನಹಳ್ಳಿಯನ್ನು ದಾಟಿದ ಶಿಂಷಾ ಮಂಡ್ಯ ಜಿಲ್ಲೆಯನ್ನು ಹೊಕ್ಕು, ಮದ್ದೂರಿನ ಬಯಲನ್ನು ಹಾದು ಕಾವೇರಿಯನ್ನು ಸೇರುತ್ತದೆ. ಮಾಟದ ನಂಬಿಕೆಯ ಬಗ್ಗೆ ಕನ್ನಡ ನಾಡಿನಿಂದ ಹೊರಟ ಅತ್ಯಂತ ಪ್ರಸಿದ್ಧ ಅಧ್ಯಯನ ಹುಟ್ಟಿದ್ದು ಇದೇ ಮಂಡ್ಯದ ನೀರಾವರಿ ಸೀಮೆಯಲ್ಲಿ. ಅದನ್ನು ಮಾಡಿದವರು ಟಿ. ಸ್ಕಾರ್ಲೆಟ್ ಎಪ್ಸ್‌ಟೀನ್.

1922ರಲ್ಲಿ ವಿಯೆನ್ನಾದ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದ ಈಕೆ, 1938ರಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾವನ್ನು ನುಂಗಿದಾಗ ಊರು ಬಿಟ್ಟವರು. ಪಾರಾಗಿ ಇಂಗ್ಲೆಂಡ್ ಸೇರಿ, ದುಡಿಯುತ್ತಲೇ ಓದಿ, ಅರ್ಥಶಾಸ್ತ್ರದಿಂದ ಮಾನವಶಾಸ್ತ್ರದತ್ತ ಹೊರಳಿದರು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಮ್ಯಾಕ್ಸ್ ಗ್ಲಕ್‌ಮನ್ ಅವರ ಶಿಷ್ಯೆಯಾಗಿ 1954ರಿಂದ 1956ರವರೆಗೆ ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ನಡೆಸಿದರು. ತಮ್ಮ ಪುಸ್ತಕಗಳಲ್ಲಿ ಆ ಹಳ್ಳಿಗಳನ್ನು ಅವರು 'ವಂಗಲ', 'ದಲೇನ' ಎಂದು ಕರೆದಿದ್ದಾರೆ. ಮುಂದೆ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದ ಎಪ್ಸ್‌ಟೀನ್ 1970ರಲ್ಲಿ ಅದೇ ಹಳ್ಳಿಗಳಿಗೆ ಮರಳಿ ಬಂದರು. 1998ರಲ್ಲಿ ಎ.ಪಿ. ಸೂರ್ಯನಾರಾಯಣ ಮತ್ತು ಟಿ. ತಿಮ್ಮೇಗೌಡ ಅವರೊಡನೆ ಸೇರಿ ನಾಲ್ಕು ದಶಕಗಳ ಗ್ರಾಮೀಣ ಬದಲಾವಣೆಯನ್ನು ಕುರಿತ ಪುಸ್ತಕವನ್ನೂ ಹೊರತಂದರು. 2014ರಲ್ಲಿ ನಿಧನರಾದರು.

ಅವರು ಮಂಡ್ಯಕ್ಕೆ ಬಂದದ್ದು ದೆವ್ವಗಳನ್ನು ಹುಡುಕಿಕೊಂಡಲ್ಲ, ಕಾಲುವೆಯ ನೀರು ಏನು ಮಾಡಿದೆ ಎಂದು ನೋಡಲು. ಕನ್ನಂಬಾಡಿ ಕಟ್ಟೆಯ ಕಾಲುವೆ ನೀರು 1930ರ ದಶಕದ ಕೊನೆಯಲ್ಲಿ ವಂಗಲವನ್ನು ಮುಟ್ಟಿತ್ತು. 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಗೆ ಕಬ್ಬು ಬೇಕಿತ್ತು. ರಾಗಿ ಬೆಳೆಯುತ್ತಿದ್ದ ಹೊಲಗಳು ಗದ್ದೆಗಳಾದವು, ಕೈಯಲ್ಲಿ ನಗದು ಓಡಾಡತೊಡಗಿತು. ದಲೇನದ ಜಮೀನು ಕಾಲುವೆಗಿಂತ ಎತ್ತರದಲ್ಲಿದ್ದುದರಿಂದ ಅಲ್ಲಿಗೆ ನೀರು ಏರಲಿಲ್ಲ. ಅಲ್ಲಿಯ ಗಂಡಸರು ಕಾರ್ಖಾನೆಯ ಕೆಲಸ, ಗಾಡಿ ಬಾಡಿಗೆ, ಚಿಲ್ಲರೆ ವ್ಯಾಪಾರ ಎಂದು ಹೊರಗೆ ದಾರಿ ಹುಡುಕಿಕೊಂಡರು. ನೀರು ಬಂದ ಹಳ್ಳಿ ಹಳೆಯ ರೀತಿನೀತಿಗಳನ್ನೇ ಬಲಪಡಿಸಿಕೊಂಡಿತು, ನೀರು ಬಾರದ ಹಳ್ಳಿ ಹೆಚ್ಚು ಬದಲಾಯಿತು ಎಂಬುದು 1962ರ ಅವರ ಪುಸ್ತಕದ ಹೆಸರುವಾಸಿ ತೀರ್ಮಾನ. ಮಾರ್ಕೋನಹಳ್ಳಿಯ ಕಟ್ಟೆಯೂ ಹೆಚ್ಚುಕಡಿಮೆ ಅದೇ ಕಾಲದ್ದು ಎಂಬುದನ್ನು ಇಲ್ಲಿ ನೆನೆಯಬಹುದು. ಹಳೇ ಮೈಸೂರಿನ ಒಣ ಹಳ್ಳಿಗಳು ಒಂದೊಂದಾಗಿ ನೀರು ಕಂಡ ಕಾಲ ಅದು.

ವಂಗಲದಲ್ಲಿ ಇರುತ್ತಿದ್ದಂತೆ ಊರಿನ ಕೆಲವು ಹೆಂಗಸರ ಬಗ್ಗೆ ಪಿಸುಮಾತು ಅವರ ಕಿವಿಗೂ ಬಿತ್ತು. ಇಂಥವಳ ಮನೆಯಲ್ಲಿ ಏನೂ ತಿನ್ನಬಾರದು, ಇಂಥವಳು ಕೊಟ್ಟದ್ದನ್ನು ಕುಡಿಯಬಾರದು. ಅಲ್ಲಿಯ ಒಕ್ಕಲಿಗರ ನಂಬಿಕೆಯಲ್ಲಿ ಈ ಕೇಡಿನ ಶಕ್ತಿ ಇರುವುದು ಹೆಂಗಸರಲ್ಲಿ ಮಾತ್ರ. ಅದು ಕೆಲಸ ಮಾಡುವುದು ಊಟ ತಿಂಡಿಯ ಮೂಲಕ. ದುಷ್ಟಶಕ್ತಿ ಹಿಡಿದ ಹೆಂಗಸು ಯಾರಿಗಾದರೂ ವಿಷವಿಕ್ಕಲೇಬೇಕು. ಹೊರಗಿನವರು ಸಿಗದಿದ್ದರೆ ಅವಳ ಸ್ವಂತ ಗಂಡ ಮಕ್ಕಳಿಗೇ ಆಪತ್ತು. ತೆಂಕಣ ಕರ್ನಾಟಕದಲ್ಲಿ 'ಮದ್ದು ಹಾಕುವುದು' ಎಂದು ಇಂದಿಗೂ ಹೇಳುವ ನಂಬಿಕೆಗೆ ಇದು ತೀರ ಹತ್ತಿರದ್ದು.

ಎಪ್ಸ್‌ಟೀನ್ ಈ ನಂಬಿಕೆ ಸತ್ಯವೋ ಸುಳ್ಳೋ ಎಂದು ಕೇಳುತ್ತ ಕೂರಲಿಲ್ಲ. ಆರೋಪ ಯಾರ ಮೇಲೆ ಬರುತ್ತಿದೆ ಎಂದು ಪಟ್ಟಿ ಮಾಡಿದರು. ಇಷ್ಟು ಸರಳವಾದ ಈ ಹೆಜ್ಜೆಯನ್ನು ಅವರಿಗಿಂತ ಮೊದಲು ಇಲ್ಲಿಗೆ ಬಂದ ಬಹಳ ಮಂದಿ ಇಟ್ಟಿರಲಿಲ್ಲ. ಪಟ್ಟಿಯಲ್ಲಿ ಒಂದು ಸಂಗತಿ ಎದ್ದು ಕಂಡಿತು. ಮಾಟಗಾತಿ ಎನಿಸಿಕೊಂಡವರು ಹೆಚ್ಚಾಗಿ ಬಡ್ಡಿಗೆ ಹಣ ಕೊಡುವ ಹೆಂಗಸರು.

ಅವರ ವಿವರಣೆ ಹೀಗಿದೆ. ನೀರಾವರಿಯಿಂದ ಹಳ್ಳಿಗೆ ಹಣ ಬಂದಾಗ ಅದರ ಒಂದು ಪಾಲು ಹೆಂಗಸರ ಕೈಯಲ್ಲೂ ಉಳಿಯತೊಡಗಿತು. ಕೆಲವರು ಅದನ್ನು ನೆರೆಹೊರೆಯವರಿಗೆ ಬಡ್ಡಿಗೆ ಕೊಟ್ಟರು. ಗಂಡಸು ಸಾಲ ಕೊಡುವುದು, ವಸೂಲಿಗೆ ಹೋಗುವುದು, ತಡವಾದರೆ ಗದರುವುದು ಊರು ಒಪ್ಪಿಕೊಂಡ ವ್ಯವಹಾರ. ಹೆಂಗಸು ಸಾಲಿಗಳಾಗುವುದಕ್ಕೆ ಮಾತ್ರ ಊರಿನ ಕಟ್ಟಳೆಯಲ್ಲಿ ಜಾಗವಿರಲಿಲ್ಲ. ಅವಳ ಹಣ ಬೇಕು, ಅವಳಿಗೆ ತಲೆಬಾಗುವುದು ಬೇಡ. ಪಂಚಾಯಿತಿಗೆ ಒಯ್ಯಲು ಬಾರದ, ಎದುರೆದುರು ಆಡಲು ಬಾರದ ಈ ಇರಿಸುಮುರಿಸು ಮಾಟದ ಮಾತಾಗಿ ಹೊರಬಿತ್ತು. 1959ರಲ್ಲಿ 'ದಿ ಈಸ್ಟರ್ನ್ ಆಂತ್ರೊಪಾಲಜಿಸ್ಟ್' ಪತ್ರಿಕೆಯಲ್ಲಿ ಪ್ರಕಟವಾದ ಈ ಲೇಖನ 1967ರಲ್ಲಿ ಅಮೆರಿಕದ ಸಂಕಲನವೊಂದಕ್ಕೂ ಸೇರಿ, ಲೋಕದ ಹಲವೆಡೆಯ ವಿದ್ಯಾರ್ಥಿಗಳು ಮಂಡ್ಯದ ಹಳ್ಳಿಯೊಂದರ ಮಾತನ್ನು ಓದುವಂತಾಯಿತು.

ಆರೋಪದಿಂದ ಆರೋಪಿಸಿದವನಿಗೆ ದೊರೆಯುವುದೇನು ಎಂದು ಯೋಚಿಸಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಸಾಲ ಕೊಟ್ಟವಳು ಮಾಟಗಾತಿಯಾದರೆ ಅವಳ ಮನೆಯತ್ತ ಹೋಗದಿರಲು ಸಕಾರಣ ಸಿಕ್ಕಂತಾಯಿತು. ಅವಳು ಬಾಗಿಲಿಗೆ ಬಂದರೆ ಬಾಗಿಲು ಹಾಕಿಕೊಳ್ಳಬಹುದು. ಅವಳು ಗಟ್ಟಿಯಾಗಿ ಕೇಳಿದರೆ ಅದು ಬಾಕಿಯ ಬೇಡಿಕೆಯಾಗಿ ಉಳಿಯದೆ ಶಾಪವಾಗುತ್ತದೆ. ಸಾಲ ತೀರಿಸಲಾಗದ ಅವಮಾನ ಸಾಲ ತಂದವನಿಂದ ಜಾರಿ ಸಾಲ ಕೊಟ್ಟವಳ ಹೆಗಲೇರುತ್ತದೆ. ಇದನ್ನು ಯಾರೂ ಕುಳಿತು ಸಂಚು ಮಾಡಬೇಕಿಲ್ಲ. ಮಗುವಿಗೆ ಜ್ವರ ಬಂದ ರಾತ್ರಿ, ಹಿಂದಿನ ವಾರ ಯಾರ ಮನೆಯಲ್ಲಿ ಏನು ತಿಂದಿತ್ತು ಎಂದು ತಾಯಿ ನಿಜವಾದ ಭಯದಿಂದಲೇ ನೆನೆಯುತ್ತಾಳೆ. ನೆನಪಿಗೆ ಮೊದಲು ಬರುವ ಮುಖ ಮಾತ್ರ ಮನಸ್ಸಿಗೆ ಈಗಾಗಲೇ ಚುಚ್ಚುತ್ತಿದ್ದ ಮುಖ.

ಗ್ಲಕ್‌ಮನ್ ಅವರ ಪಾಠಗಳಿಗೆ ಇನ್ನೊಬ್ಬರ ಬುನಾದಿಯೂ ಇತ್ತು. ಆಫ್ರಿಕದ ಅಜಾಂಡೆ ಜನರನ್ನು ಕುರಿತು ಇ.ಇ. ಇವಾನ್ಸ್-ಪ್ರಿಚರ್ಡ್ 1937ರಲ್ಲಿ ಬರೆದ ಪುಸ್ತಕದಲ್ಲಿ ಕಣಜದ ಉದಾಹರಣೆಯೊಂದಿದೆ. ಗೆದ್ದಲು ತಿಂದು ಕಂಬ ಕುಸಿದು ಕಣಜ ಬಿತ್ತು ಎಂಬುದು ಅಜಾಂಡೆಯವರಿಗೂ ಗೊತ್ತು. ಅವರ ಪ್ರಶ್ನೆ ಬೇರೆ: ಇದೇ ಮನುಷ್ಯ ಅದರ ನೆರಳಿನಲ್ಲಿ ಕುಳಿತಿದ್ದ ಇದೇ ಹೊತ್ತಿಗೆ ಅದು ಬಿದ್ದದ್ದೇಕೆ? ವಿಜ್ಞಾನ 'ಹೇಗೆ' ಎಂಬುದಕ್ಕೆ ಉತ್ತರಿಸುತ್ತದೆ; ಮಾಟದ ನಂಬಿಕೆ 'ನನಗೇ ಏಕೆ' ಎಂಬುದಕ್ಕೆ ಉತ್ತರಿಸಲು ಹೊರಡುತ್ತದೆ. ಶಾಲೆ, ಆಸ್ಪತ್ರೆ, ರಸ್ತೆ ಬಂದರೂ ನಂಬಿಕೆ ಕರಗದಿರುವುದಕ್ಕೆ ಇದೂ ಒಂದು ಕಾರಣ. ವೈದ್ಯರು ರೋಗದ ಹೆಸರು ಹೇಳುತ್ತಾರೆಯೇ ಹೊರತು ಅದು ಪಕ್ಕದ ಮನೆಯವರಿಗೆ ಬಾರದೆ ತಮಗೇ ಏಕೆ ಬಂತು ಎಂಬುದನ್ನು ಹೇಳುವುದಿಲ್ಲ. 1964ರಲ್ಲಿ ಮ್ಯಾಕ್ಸ್ ಮಾರ್ವಿಕ್ ಎಂಬ ವಿದ್ವಾಂಸರು ಮಾಟದ ಆರೋಪಗಳನ್ನು ಸಮಾಜದ ಒತ್ತಡಮಾಪಕಕ್ಕೆ ಹೋಲಿಸಿದರು. ಯಾವ ಸಂಬಂಧದಲ್ಲಿ ಬಿಗುವು ಏರಿದೆಯೋ ಅಲ್ಲಿ ಮುಳ್ಳು ಏರುತ್ತದೆ ಎಂಬುದು ಅದರ ತಾತ್ಪರ್ಯ.

ಎಪ್ಸ್‌ಟೀನ್ ಅವರ ವಿವರಣೆ ಎಲ್ಲ ಊರಿಗೂ ಸಲ್ಲುವ ಸೂತ್ರವಲ್ಲ. ಗುಲ್ಬರ್ಗ, ಬೀದರ್ ಭಾಗದ ಬಾನಾಮತಿಯ ಭಯಕ್ಕೆ ಬೇರೆ ಬೇರುಗಳಿರಬಹುದು. ಗಂಡ ಸತ್ತ ಹೆಂಗಸು, ಮಕ್ಕಳಿಲ್ಲದವಳು, ಒಂಟಿ ಮುದುಕಿ ಸಾಲ ಕೊಡದೆಯೂ ಆರೋಪಕ್ಕೆ ಸಿಕ್ಕಿದ್ದಾರೆ. ಅಂಥ ಕಡೆ ಹಣದ ಜಾಗದಲ್ಲಿ ಜಮೀನೋ ಮನೆಯೋ ಇರುತ್ತದೆ. ಆದರೆ ಅವರು ಹಾಕಿಕೊಟ್ಟ ಕ್ರಮ ಉಳಿದಿದೆ. ಆರೋಪ ಕೇಳಿದಾಗ ದೆವ್ವವನ್ನು ಬಿಟ್ಟು ವ್ಯವಹಾರವನ್ನು ನೋಡುವುದು. ಪ್ಲೇಗಿನ ಕಾಲದಲ್ಲಿ, 1348ರಲ್ಲಿ, ಬಾವಿಗೆ ವಿಷ ಹಾಕಿದರೆಂಬ ಆರೋಪ ಹೊರಿಸಿ ಯೂರೋಪಿನ ಊರೂರುಗಳಲ್ಲಿ ಯಹೂದಿಗಳನ್ನು ಕೊಂದರು; ಅವರಲ್ಲಿಯೂ ಸಾಲ ಕೊಡುವವರಿದ್ದರು. ಆ ಜನಾಂಗದ ಮಗಳೊಬ್ಬಳು ಆರು ಶತಮಾನಗಳ ನಂತರ ಮಂಡ್ಯದ ಹಳ್ಳಿಯಲ್ಲಿ ವಿಷದ ಆರೋಪವನ್ನು ಕೇಳಿ ಸಾಲದ ಪುಸ್ತಕವನ್ನು ನೋಡಿದ್ದು ಆಕಸ್ಮಿಕವಿರಲಾರದು ಎನಿಸುತ್ತದೆ.

ಫಲಕ ಒಬ್ಬನಿಗೆ, ಬಹಿಷ್ಕಾರ ಒಬ್ಬಳಿಗೆ

ಇದನ್ನೆಲ್ಲ ಹಳ್ಳಿಯ ವಿಷಯವೆಂದು ನಗರದ ಓದುಗರು ಬದಿಗೆ ಸರಿಸುವಂತಿಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಮನೆಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂಬ ಬರಹ ಕಾಣಿಸಿಕೊಂಡಿತ್ತು. ರಾತ್ರಿ ಪರಿಚಿತರ ದನಿಯಲ್ಲಿ ಬಾಗಿಲು ತಟ್ಟುವ ಹೆಣ್ಣು ದೆವ್ವ ಅದನ್ನೋದಿ ಹಿಂದಿರುಗುತ್ತದೆ ಎಂಬ ನಂಬಿಕೆಯಿತ್ತು. ಅಕ್ಷರ ಬಲ್ಲ ದೆವ್ವವನ್ನು ಕಲ್ಪಿಸಿಕೊಂಡದ್ದು ಅಕ್ಷರಸ್ಥ ನಗರವೇ. ಕೊಳ್ಳೇಗಾಲದ ಹೆಸರು ಹೇಳಿಕೊಂಡು ವಶೀಕರಣ, ಸ್ತ್ರೀಪುರುಷ ಆಕರ್ಷಣೆ, ಶತ್ರುನಾಶದ ಭರವಸೆ ಕೊಡುವ ಜಾಹೀರಾತುಗಳು ಬಸ್ಸಿನ ಹಿಂಬದಿಯಿಂದ ಪತ್ರಿಕೆಯ ವರ್ಗೀಕೃತ ಪುಟದವರೆಗೆ ಎಲ್ಲೆಡೆ ಕಾಣಸಿಕ್ಕಿವೆ. ಗಮನಿಸಬೇಕಾದದ್ದು, ಈ ಜಾಹೀರಾತುದಾರರು ಹೆಚ್ಚುಕಡಿಮೆ ಎಲ್ಲರೂ ಗಂಡಸರು. ಮಂತ್ರ ತಂತ್ರ ಬಲ್ಲೆನೆಂದು ಹೇಳಿಕೊಳ್ಳುವ ಗಂಡಸಿಗೆ ಫಲಕವಿದೆ, ದೂರವಾಣಿ ಸಂಖ್ಯೆಯಿದೆ, ದಕ್ಷಿಣೆಯಿದೆ. ತನಗೇನೂ ಗೊತ್ತಿಲ್ಲವೆಂದು ಅಂಗಲಾಚುವ ಹೆಂಗಸಿಗೆ ಆರೋಪ ಅಂಟುತ್ತದೆ.

ಗಾಳಿ ಸೋಕುವುದು, ಮೈಮೇಲೆ ಬರುವುದು ಇವುಗಳ ಕಥೆ ಬೇರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಇದನ್ನು ಅಧ್ಯಯನ ಮಾಡಿ, ಕನ್ನಡದಲ್ಲಿ ಜನಸಾಮಾನ್ಯರಿಗೆ ಮಾನಸಿಕ ಆರೋಗ್ಯವನ್ನು ತಿಳಿಸುವ ಕೆಲಸವನ್ನು ದಶಕಗಳ ಕಾಲ ಮಾಡಿದ್ದಾರೆ. ಬಾಯಿಬಿಟ್ಟು ಹೇಳಲಾಗದ ಸಂಕಟ ಮೈಮೂಲಕ ಮಾತಾಡುತ್ತದೆ ಎಂಬುದು ಈ ಕ್ಷೇತ್ರದ ವೈದ್ಯರು ಮತ್ತೆ ಮತ್ತೆ ಕಂಡುಕೊಂಡ ಸಂಗತಿ. ಅಲ್ಲಿ ಬೇಕಾದದ್ದು ಚಿಕಿತ್ಸೆ ಮತ್ತು ಸಹಾನುಭೂತಿ. ಮಾಟದ ಆರೋಪದಲ್ಲಿ ಚಿಕಿತ್ಸೆ ಯಾರಿಗೆ ಎಂಬ ಪ್ರಶ್ನೆಯೇ ತಿರುಗುಮುರುಗಾಗುತ್ತದೆ. ಕಾಯಿಲೆ ಒಬ್ಬರದು, ಶಿಕ್ಷೆ ಇನ್ನೊಬ್ಬರದು.

ಕಾನೂನು ಈ ಕಡೆಗೆ ಬಂದದ್ದು ತಡವಾಗಿ. ಬಿಹಾರ 1999ರಲ್ಲಿ 'ಡಾಯನ್' ಆರೋಪದ ವಿರುದ್ಧ ಕಾಯಿದೆ ಮಾಡಿತು. ಮಹಾರಾಷ್ಟ್ರದಲ್ಲಿ ನರೇಂದ್ರ ದಾಭೋಲ್ಕರ್ ವರ್ಷಗಟ್ಟಲೆ ಹೋರಾಡಿದ ಕಾಯಿದೆ ಜಾರಿಯಾದದ್ದು 2013ರ ಆಗಸ್ಟ್‌ನಲ್ಲಿ ಅವರ ಹತ್ಯೆಯಾದ ಬಳಿಕ. ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಮತ್ತು ನಿರ್ಮೂಲನೆ ಕಾಯಿದೆಗೆ 2017ರ ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಒಪ್ಪಿಗೆ ದೊರೆತು, 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಬೆತ್ತಲೆ ಮೆರವಣಿಗೆ ಮಾಡುವುದು, ನಿಧಿಯಾಸೆಗೆ ಅಮಾನುಷ ಕೃತ್ಯ ನಡೆಸುವುದು, ಹಾವು ಕಚ್ಚಿದವರಿಗೆ ವೈದ್ಯಕೀಯ ನೆರವು ತಡೆದು ಮಂತ್ರ ಹಾಕಿಸುವುದು, ದೆವ್ವದ ಹೆಸರಿನಲ್ಲಿ ಭೀತಿ ಹಬ್ಬಿಸುವುದು ಇವೆಲ್ಲ ಅಪರಾಧಗಳು. ಒಂದರಿಂದ ಏಳು ವರ್ಷಗಳವರೆಗೆ ಜೈಲು, 5,000ದಿಂದ 50,000 ರೂಪಾಯಿಗಳವರೆಗೆ ದಂಡ. ಜ್ಯೋತಿಷ್ಯ, ವಾಸ್ತು, ಪ್ರದಕ್ಷಿಣೆ, ಹರಿಕಥೆಗಳನ್ನು ಕಾಯಿದೆ ಮುಟ್ಟುವುದಿಲ್ಲ. ಮಸೂದೆಯ ಮೊದಲ ಕರಡುಗಳ ಮೇಲೆ ವರ್ಷಗಳ ಕಾಲ ನಡೆದ ಗದ್ದಲವನ್ನು ನೆನೆದರೆ, ಇಷ್ಟಾದರೂ ಕಾನೂನಾದದ್ದು ಸಣ್ಣ ಸಂಗತಿಯಲ್ಲ.

ಎಪ್ಸ್‌ಟೀನ್ ಕಂಡ ಹಳ್ಳಿಯಲ್ಲಿ ಹೆಂಗಸು ತನ್ನ ಹೆಸರಿನಲ್ಲಿ ಒಬ್ಬಳೇ ಸಾಲ ಕೊಡುತ್ತಿದ್ದಳು. 2000ದ ನಂತರ ಸ್ತ್ರೀಶಕ್ತಿ ಗುಂಪುಗಳು ಬಂದು, ಉಳಿತಾಯವೂ ಸಾಲವೂ ಸಂಘದ ಪುಸ್ತಕಕ್ಕೆ ಏರಿದವು. ವಸೂಲಿಗೆ ನಿಲ್ಲುವವಳು ಈಗ ಸಂಘದ ಪ್ರತಿನಿಧಿ. ಅವಳ ಹಿಂದೆ ಇಪ್ಪತ್ತು ಮನೆಗಳಿವೆ. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ಎಷ್ಟು ಹೆಚ್ಚಿತೆಂದರೆ 2025ರ ಆರಂಭದಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಸಾಲದ ಬಗ್ಗೆ ಬೀದಿಯಲ್ಲಿ ನಿಂತು ದೂರಬಹುದು, ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಡಬಹುದು, ಪತ್ರಿಕೆಗೆ ಹೇಳಬಹುದು. ಹಣಕಾಸು ಸಂಸ್ಥೆಯ ನೌಕರನನ್ನು ಯಾರೂ ಮಾಟಗಾರನೆನ್ನುವುದಿಲ್ಲ. ಹೀಗೆ ಬಾಯಿಬಿಟ್ಟು ಜಗಳವಾಡಬಹುದಾದ ಸಾಲಗಳು ಹೆಚ್ಚಿದಷ್ಟೂ ಪಿಸುಮಾತಿಗೆ ಇಳಿಯುವ ಸಾಲಗಳು ಕಡಿಮೆಯಾಗಿರಬೇಕು.

ಆದರೆ ಮಾಟದ ಆರೋಪದ ಹೆಚ್ಚಿನ ಪಾಲು ಯಾವತ್ತೂ ಹೊಡೆತ ಬಡಿತದವರೆಗೆ ಹೋಗುವುದಿಲ್ಲ. ಠಾಣೆಗೆ ದೂರು ಕೊಡಲು ಒಂದು ಕೃತ್ಯ ನಡೆದಿರಬೇಕು, ಒಬ್ಬ ಸಾಕ್ಷಿ ಇರಬೇಕು. ಹಬ್ಬದ ದಿನ ಅವಳು ಕಳಿಸಿದ ಒಬ್ಬಟ್ಟನ್ನು ನಗುತ್ತಲೇ ಇಸಿದುಕೊಂಡು ಹಿತ್ತಲಿಗೆ ಎಸೆಯುವುದು, ಬಾಣಂತಿಯನ್ನು ನೋಡಲು ಬಂದಾಗ ಮಗು ಮಲಗಿದೆಯೆಂದು ಹೊರಜಗಲಿಯಿಂದಲೇ ಕಳಿಸಿಬಿಡುವುದು, ಅವಳು ಕೊಟ್ಟ ಮಜ್ಜಿಗೆಯನ್ನು ತುಟಿಗೆ ತಾಗಿಸದೆ ಕೆಳಗಿಡುವುದು ಯಾವ ಕಾಯಿದೆಯ ಪಟ್ಟಿಯಲ್ಲೂ ಇಲ್ಲ.